ಮಡಿಕೇರಿಗೆ ಮರಳುವವರಿಗೆ: ಬೆಳಗ್ಗೆ ಪೇಟೆ ಕೆಲಸ, ಸಂಜೆ ಟೀವಿ

ವಿದೇಶ ಬಿಟ್ಟು ಬರುವವರಲ್ಲಿ, ಮಕ್ಕಳ ಶಾಲೆಯ ಲೆಕ್ಕದಲ್ಲಿ ಜೂನ್ ಹೊತ್ತಿಗೆ ಊರು ಸೇರುವವರೇ ಹೆಚ್ಚು. ಕೊಡಗಿನಲ್ಲಿ ಮಳೆ ಹಿಡಿಯುವುದೂ ಆಗಲೇ. ಆದ್ದರಿಂದ ಪೇಟೆ ಕೆಲಸ ಏನಿದ್ದರೂ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ. ಎಲ್ಲೋ ಮರ ಬಿದ್ದು ಲೈನ್ ಹೋಯಿತೆಂದರೆ ಸರ್ವರ್ ಇಲ್ಲ, ಸರ್ವರ್ ಇಲ್ಲದಿದ್ದರೆ ಬ್ಯಾಂಕಿನ ಕೆಲಸವೂ ಇಲ್ಲ, ಆಧಾರ್ ಕೆಲಸವೂ ಇಲ್ಲ. ಶುಕ್ರವಾರ ಮಡಿಕೇರಿ ಸಂತೆ, ಅವತ್ತು ತರಕಾರಿಗಷ್ಟೇ ಹೋಗಿ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ.

ಮೊದಲು ಬ್ಯಾಂಕಿಗೆ ಹೋಗಿ. ಖಾಯಂ ಆಗಿ ಬಂದಮೇಲೆ ಎನ್‌ಆರ್‌ಇ (ಅನಿವಾಸಿಗಳ ವಿದೇಶದ ಗಳಿಕೆಗೆ), ಎನ್‌ಆರ್‌ಒ (ಅವರ ಇಲ್ಲಿನ ಆದಾಯಕ್ಕೆ) ಖಾತೆಗಳನ್ನು ರೆಸಿಡೆಂಟ್ ಖಾತೆಯಾಗಿ ಬದಲಿಸಲೇಬೇಕು. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲದ್ದು ನೀವು ಅನಿವಾಸಿ ಆಗಿರುವಷ್ಟು ಕಾಲ ಮಾತ್ರ. ವಿದೇಶಿ ಹಣದಲ್ಲೇ ಇಟ್ಟ ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವವರೆಗೆ ಅದೇ ಬಡ್ಡಿದರದಲ್ಲಿ ಬಿಡಬಹುದು. ಡಾಲರನ್ನು ಡಾಲರಾಗಿಯೇ ಇಡಬೇಕೆಂದರೆ ಆರ್‌ಎಫ್‌ಸಿ ಖಾತೆ ಕೇಳಿ.

ಮಕ್ಕಳದು ಭಾರತದ ಪಾಸ್‌ಪೋರ್ಟ್ ಆದರೆ ಬಂದ ಕೂಡಲೇ ಆಧಾರ್‌ಗೆ ಅರ್ಜಿ ಹಾಕಬಹುದು. ಒಸಿಐ (ವಿದೇಶಿ ಪಾಸ್‌ಪೋರ್ಟ್ ಇರುವ ಭಾರತ ಮೂಲದವರ ಕಾರ್ಡ್) ಆದರೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು, ಅಲ್ಲಿಯವರೆಗೆ ಶಾಲೆಗೆ ಪಾಸ್‌ಪೋರ್ಟ್, ಒಸಿಐ ಕಾರ್ಡ್, ಜನನ ಪ್ರಮಾಣಪತ್ರ ತೋರಿಸಿ ಮಾತಾಡಿ. 20 ವರ್ಷದೊಳಗಿನ ಮಕ್ಕಳಿಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿ, ಫೋಟೋ ಎರಡನ್ನೂ ಒಸಿಐ ಪೋರ್ಟಲ್‌ಗೆ ಹಾಕಬೇಕು. ಇದಕ್ಕೆ ಶುಲ್ಕವಿಲ್ಲ, ಮರೆಯುವವರು ಮಾತ್ರ ಬಹಳ.

ಈಗ ಸಂಜೆಯ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2015ರ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ, ಸಿಬಿಎಸ್‌ಇ ಇರಲಿ ಐಸಿಎಸ್‌ಇ ಇರಲಿ, ಕನ್ನಡ ಕಲಿಯಲೇಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿ ತಾತ ಆಡುವುದು ಕೊಡವ ತಕ್ಕ್ ಅಥವಾ ಅರೆಭಾಷೆ. ಅದು ಮಕ್ಕಳಿಗೆ ಬರಲೇಬೇಕು, ಆದರೆ ಪಠ್ಯದ ಕನ್ನಡ ಕಿವಿಗೆ ಬೀಳಲು ಬೇರೆ ದಾರಿ ಬೇಕಲ್ಲ? ಚಂದನದ ವಾರ್ತೆ ಹಾಕಿ. ಕೆಳಗೆ ಓಡುವ ಸಾಲನ್ನು ಮಗು ಜೋರಾಗಿ ಓದಲಿ, ತಪ್ಪಿದರೆ ತಾತ ತಿದ್ದಲಿ. ದಿನಕ್ಕೆ ಅರ್ಧ ಗಂಟೆ ಸಾಕು.

ಚಂದನಕ್ಕೆ ತಿಂಗಳ ಬಾಡಿಗೆ ಕಟ್ಟಬೇಕಿಲ್ಲ, ದೂರದರ್ಶನದ ಉಚಿತ ಡಿಶ್ ಸೇವೆ ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತದೆ. ಇದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಕೊಡಗಿನಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 65 ಡಿಗ್ರಿ ಮೇಲಕ್ಕೆ. ಆ ದಿಕ್ಕಿಗೆ ಸಿಲ್ವರ್ ಓಕ್ ಅಡ್ಡ ಇರಬಾರದು. ಬೇಸಿಗೆಯಲ್ಲಿ ಕೊಂಬೆಯ ಸಂದಿಯಲ್ಲಿ ಸಿಕ್ಕ ಸಿಗ್ನಲ್, ಎಲೆ ನೆನೆದ ಮೇಲೆ ಸಿಗುವುದಿಲ್ಲ.

ಜೋರು ಮಳೆಗೆ ಚಿತ್ರ ಹೋಗಿ, ಮಳೆ ಇಳಿದಾಗ ತಾನಾಗಿ ಬಂದರೆ ಡಿಶ್ ಮುಟ್ಟಲು ಹೋಗಬೇಡಿ. ಅದು ಮಳೆಹನಿ ಸಿಗ್ನಲನ್ನು ಹೀರಿದ್ದರಿಂದ ಆದದ್ದು. ಮಳೆ ನಿಂತರೂ ಬರದಿದ್ದರೆ ಗಾಳಿಗೆ ಡಿಶ್ ತಿರುಗಿರಬೇಕು, ಇಲ್ಲವೇ ಕೇಬಲ್ ತುದಿಯ ಕನೆಕ್ಟರ್‌ಗೆ ನೀರು ಹೋಗಿರಬೇಕು. ಕನೆಕ್ಟರ್ ತಿರುಗಿಸಿ ಬಿಚ್ಚಿ ನೋಡಿ: ನಡುವಿನ ತಂತಿ ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ, ಒಳ್ಳೆಯ ತಂತಿ ಕಾಣುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಂದು ಬಾಗು ಕೆಳಗೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಅಮೆರಿಕದಿಂದ ಟೀವಿ ತರುವುದಾದರೆ ಹಿಂಬದಿಯಲ್ಲಿ 100-240 ವೋಲ್ಟ್ ಎಂದಿದೆಯೇ ನೋಡಿ. ಬರೀ 120 ಎಂದಿದ್ದರೆ ಅಲ್ಲೇ ಮಾರಿ ಬನ್ನಿ.

ಇನ್ವರ್ಟರ್‌ಗೆ ಒಂದು 150 ಆಂಪಿಯರ್-ಅವರ್ ಬ್ಯಾಟರಿ ಸಾಕು. ಟೀವಿ, ಸೆಟ್‌ಟಾಪ್ ಬಾಕ್ಸ್, ವೈಫೈ, ಎರಡು ದೀಪ ಸೇರಿ 150 ವಾಟ್ ಆದರೆ ಏಳೆಂಟು ಗಂಟೆ ಎಳೆಯುತ್ತದೆ. ಫ್ಯಾನಿನ ಗೊಡವೆ ನಮ್ಮ ಮಳೆಗಾಲದಲ್ಲಿ ಇಲ್ಲ. ಬಾಕ್ಸ್ ಸುಡುವುದು ಹೆಚ್ಚಾಗಿ ಮಳೆಗಾಲಕ್ಕೂ ಮುಂಚೆ, ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಸಿಡಿಲಿಗೆ. ಗುಡುಗು ಕೇಳಿಸುತ್ತಲೇ ಪ್ಲಗ್ ಜೊತೆಗೆ ಡಿಶ್ ಕೇಬಲನ್ನೂ ಬಾಕ್ಸಿನಿಂದ ಬಿಚ್ಚಿಡಿ, ಸಿಡಿಲು ಹತ್ತಿರ ಬರುವವರೆಗೆ ಕಾಯಬೇಡಿ.