ಹಿಂದಿನ ಗೇರು ದೊಡ್ಡದಾದಷ್ಟೂ ಏರು ಹಗುರಾಗುವುದು ಏಕೆ?

ಪ್ರಶ್ನೆ:
ನಂದಿ ಬೆಟ್ಟದ ತಿರುವುಗಳಲ್ಲಿ ಸೈಕಲ್ ಏರಿಸುವಾಗ, ಹಿಂದಿನ 14 ಹಲ್ಲಿನ ಗೇರಿನಲ್ಲಿ ಪೆಡಲ್ ಎಷ್ಟು ಒತ್ತಿದರೂ ಕದಲುವುದಿಲ್ಲ. 28 ಹಲ್ಲಿನದಕ್ಕೆ ಬದಲಿಸಿದರೆ ಅದೇ ಕಾಲು, ಅದೇ ಏರು, ಸೈಕಲ್ ಮಾತ್ರ ಮುಂದೆ ಸಾಗುತ್ತದೆ. ಪೆಡಲ್ ಬಳಿಯ ಹಲ್ಲುಚಕ್ರ 42 ಹಲ್ಲಿನದು. ಗೇರು ಬಲವನ್ನು ಹೆಚ್ಚಿಸುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಬರಿಯ ಉಕ್ಕಿನ ಬಿಲ್ಲೆಗೆ ಆ ಬಲ ಎಲ್ಲಿಂದ ಬಂತು? ಶಾಲೆಯಲ್ಲಿ ಕಲಿತ ಸನ್ನೆಕೋಲಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 1:
ಗೇರು ಎಂದರೆ ನಿಲ್ಲದೆ ಸುತ್ತುವ ಸನ್ನೆಕೋಲೇ. ಹಾರೆಯಿಂದ ಕಲ್ಲು ಮೀಟುವವನು ಒಮ್ಮೆ ಮೀಟಿದ ಮೇಲೆ ಹಾರೆಯನ್ನು ಕಿತ್ತು ಮತ್ತೆ ಊರಬೇಕು. ಹಲ್ಲುಚಕ್ರದಲ್ಲಿ ಒಂದು ಹಲ್ಲು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ.

ನಿಮ್ಮ ಸೈಕಲ್ಲಿನ ಲೆಕ್ಕವನ್ನೇ ಹಾಕೋಣ. ಪೆಡಲಿನ ಕ್ರ್ಯಾಂಕ್ (ಪೆಡಲನ್ನು ಹಲ್ಲುಚಕ್ರದ ಅಚ್ಚಿಗೆ ಸೇರಿಸುವ ತೋಳು) ಸಾಮಾನ್ಯವಾಗಿ 170 ಮಿ.ಮೀ. ಉದ್ದವಿರುತ್ತದೆ. ಹಲ್ಲಿನಿಂದ ಹಲ್ಲಿಗೆ 12.7 ಮಿ.ಮೀ. ಅಂತರವಿರುವುದರಿಂದ 42 ಹಲ್ಲಿನ ಚಕ್ರದ ತ್ರಿಜ್ಯ ಸುಮಾರು 85 ಮಿ.ಮೀ., ಅಂದರೆ ಕ್ರ್ಯಾಂಕಿನ ಅರ್ಧ. ಆದ್ದರಿಂದ ಕ್ರ್ಯಾಂಕ್ ಅಡ್ಡಲಾಗಿರುವಾಗ ನೀವು 30 ಕೆ.ಜಿ. ಭಾರ ಹಾಕಿ ತುಳಿದರೆ ಚೈನು 60 ಕೆ.ಜಿ. ಭಾರದಷ್ಟು ಎಳೆಯುತ್ತದೆ. ಹಿಂದೆ ಯಾವ ಗೇರಿದ್ದರೂ ಈ ಎಳೆತ ಅಷ್ಟೇ. ಬದಲಾಗುವುದು ಆ ಎಳೆತ ಹಿಂದಿನ ಅಚ್ಚಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದು: 14 ಹಲ್ಲಿನದರಲ್ಲಿ 28 ಮಿ.ಮೀ., 28 ಹಲ್ಲಿನದರಲ್ಲಿ 57 ಮಿ.ಮೀ. ಟೈರು ರಸ್ತೆಯನ್ನು ತಳ್ಳುವುದು ಅಚ್ಚಿನಿಂದ ಸುಮಾರು 335 ಮಿ.ಮೀ. ದೂರದಲ್ಲಾದ್ದರಿಂದ, ರಸ್ತೆಗೆ ತಲುಪುವ ಒತ್ತು ಮೊದಲನೆಯದರಲ್ಲಿ 5 ಕೆ.ಜಿ., ಎರಡನೆಯದರಲ್ಲಿ 10 ಕೆ.ಜಿ. ನೀವು ಮತ್ತು ಸೈಕಲ್ ಸೇರಿ 80 ಕೆ.ಜಿ. ಇದ್ದು, 100 ಮೀಟರಿಗೆ 10 ಮೀಟರ್ ಏರುವ ರಸ್ತೆಯಾದರೆ ಹಿಂದಕ್ಕೆ ಜಾರದಿರಲು 8 ಕೆ.ಜಿ. ಬೇಕು.

ಇದು ಪುಕ್ಕಟೆಯಾಗಿ ಬಂದದ್ದಲ್ಲ. ಪೆಡಲಿನ ಒಂದು ಸುತ್ತಿಗೆ ಮೊದಲು ಚಕ್ರ 3 ಸುತ್ತು ತಿರುಗಿ 6.3 ಮೀಟರ್ ಸಾಗುತ್ತಿತ್ತು, ಈಗ ಒಂದೂವರೆ ಸುತ್ತು ತಿರುಗಿ 3.15 ಮೀಟರ್ ಮಾತ್ರ ಸಾಗುತ್ತದೆ.

ಉತ್ತರ 2:
ಮೇಲಿನ ಲೆಕ್ಕದಲ್ಲಿ ಒಂದು ತಿದ್ದುಪಡಿ ಬೇಕು. ಕ್ರ್ಯಾಂಕ್ ನೆಟ್ಟಗಿರುವಾಗ ಎಷ್ಟು ತುಳಿದರೂ ತಿರುಗುಬಲ ಸೊನ್ನೆ. ಕಾಲು ಒಂದೇ ಸಮನೆ ಕೆಳಕ್ಕೆ ಒತ್ತಿದರೂ ಇಡೀ ಸುತ್ತಿನ ಸರಾಸರಿ, ಗರಿಷ್ಠದ 64% ಮಾತ್ರ. ಹಾಗಾಗಿ 28 ಹಲ್ಲಿನ ಗೇರಿನಲ್ಲೂ 30 ಸಾಲದು, ಸುಮಾರು 37 ಕೆ.ಜಿ. ಒತ್ತಬೇಕು, 14 ಹಲ್ಲಿನದಕ್ಕೆ 74 ಕೆ.ಜಿ., ಅಂದರೆ ಸೀಟು ಬಿಟ್ಟೆದ್ದು ಇಡೀ ಮೈಭಾರ ಹಾಕಿದರೂ ಕಷ್ಟ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಗೇರಿನ ಬದಲು ಕ್ರ್ಯಾಂಕನ್ನೇ ಉದ್ದ ಮಾಡಿಸಬಹುದಲ್ಲವೇ?

ಉತ್ತರ 1:
ತಿದ್ದುಪಡಿಯನ್ನು ಒಪ್ಪುತ್ತೇನೆ. ಕ್ರ್ಯಾಂಕನ್ನು 175 ಮಿ.ಮೀ. ಮಾಡಿಸಿದರೆ ಸಿಗುವ ಲಾಭ 3% ಮಾತ್ರ, ಅದಕ್ಕಾಗಿ ಪ್ರತಿ ಸುತ್ತಿಗೂ ಮಂಡಿ ಹೆಚ್ಚು ಮಡಚಬೇಕು. ಹಿಂದೆ 32 ಹಲ್ಲಿನ ಗೇರು ಹಾಕಿಸಿದರೆ 14% ಸಿಗುತ್ತದೆ. ನಿಮ್ಮ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡದನ್ನು ತಾಳುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಮೊದಲು ಕೇಳಿ, ಚೈನು ಕೂಡ ಉದ್ದ ಬೇಕಾಗಬಹುದು. ಗೇರನ್ನು ಏರಿನ ಬುಡದಲ್ಲೇ ಬದಲಿಸಿ. ನಡುವೆ, ಚೈನು ಬಿಗಿದಿರುವಾಗ ಬದಲಿಸಿದರೆ ಅದು ಹಲ್ಲಿನ ಮೇಲೆ ಕಟಕಟನೆ ಜಾರುತ್ತದೆ.