ಸಹಾಯ ಬೇಕು: ಕ್ಯಾಬಿನೆಟ್ ಫ್ಯಾನ್‌ಗಳ ವೇಗ ತಗ್ಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿ ನಾನೇ ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ 120 ಮಿಲಿಮೀಟರಿನ ನಾಲ್ಕು ಫ್ಯಾನ್‌ಗಳಿವೆ. ಹಿಂಬದಿಯದು ನಾಲ್ಕು ಪಿನ್‌ನದು. ಅದು ಹೇಳಿದ ಮಾತು ಕೇಳುತ್ತದೆ. ಮುಂಬದಿಯ ಮೂರೂ ಮೂರು ಪಿನ್‌ನವಾಗಿದ್ದು, ಅವನ್ನು ಸ್ಪ್ಲಿಟರ್ (ಒಂದನ್ನು ಹಲವಾಗಿ ಕವಲೊಡೆಸುವ ಕೇಬಲ್) ಮೂಲಕ ಮದರ್‌ಬೋರ್ಡಿನ ಒಂದೇ ಹೆಡರ್‌ಗೆ (ಫ್ಯಾನ್ ಸಿಕ್ಕಿಸುವ ಪಿನ್‌ಗಳ ಜಾಗ) ಸಿಕ್ಕಿಸಿದ್ದೇನೆ. ಕಂಪ್ಯೂಟರ್ ಆನ್ ಮಾಡಿದ ಕ್ಷಣದಿಂದ ಆರಿಸುವವರೆಗೂ ಇವು ಪೂರ್ಣ ವೇಗದಲ್ಲೇ ತಿರುಗುತ್ತವೆ. ಪಕ್ಕದ ಕೋಣೆಯಲ್ಲಿ ಮಲಗಿರುವ ಅಮ್ಮ ರಾತ್ರಿ ಹನ್ನೊಂದಕ್ಕೆ ‘ಆ ಮಿಕ್ಸಿ ಆರಿಸೋ’ ಎಂದು ಕೂಗುವಷ್ಟು ಸದ್ದು.

ನಾಲ್ಕು ಪಿನ್‌ನ ಫ್ಯಾನಿಗೆ ಸದಾ 12 ವೋಲ್ಟ್ ಹರಿಯುತ್ತಿದ್ದು, ಎಷ್ಟು ವೇಗ ಬೇಕೆಂಬ ಸೂಚನೆ ನಾಲ್ಕನೆಯ ತಂತಿಯಲ್ಲಿ ಸುಮಾರು 25 ಕಿಲೋಹರ್ಟ್ಸ್ ಸಂಕೇತವಾಗಿ ಬರುತ್ತದೆ. ಮೂರು ಪಿನ್‌ನದಕ್ಕೆ ಆ ತಂತಿಯೇ ಇಲ್ಲದ್ದರಿಂದ ವೋಲ್ಟೇಜನ್ನೇ ಇಳಿಸಬೇಕು. ಇಷ್ಟು ನನಗೆ ತಿಳಿದಿದೆ. ಆದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಮುಂಬದಿಯ ಫ್ಯಾನ್‌ಗಳಿರುವ ಹೆಡರನ್ನು ಪಿಡಬ್ಲ್ಯೂಎಂನಿಂದ (ಸಂಕೇತದ ಮೂಲಕ ನಿಯಂತ್ರಣ) ಡಿಸಿಗೆ (ವೋಲ್ಟೇಜ್ ಮೂಲಕ ನಿಯಂತ್ರಣ) ಬದಲಿಸಲು ಹೋದರೆ ಆಯ್ಕೆಯೇ ಮಂಕಾಗಿದ್ದು, ಒತ್ತಲು ಬರುವುದಿಲ್ಲ. ಹಿಂಬದಿಯ ಫ್ಯಾನ್ ಇರುವ ಹೆಡರಿನಲ್ಲಿ ಮಾತ್ರ ಡಿಸಿ ಆಯ್ಕೆ ಸಿಗುತ್ತದೆ.

ಹಾಗಾದರೆ ಎರಡನ್ನೂ ಅದಲುಬದಲು ಮಾಡಿದರೆ ಸಾಕೇ? ಪ್ರತಿ ಫ್ಯಾನಿನ ಸ್ಟಿಕ್ಕರ್ ಮೇಲೆ 0.18 ಆಂಪಿಯರ್ ಎಂದಿದೆ, ಹೆಡರಿನ ಮಿತಿ 1 ಆಂಪಿಯರ್. ಆದ್ದರಿಂದ ಹೊರೆಯ ಭಯವಿಲ್ಲ. ನನ್ನ ಚಿಂತೆ ಬೇರೆ: ಸ್ಪ್ಲಿಟರ್ ಒಂದೇ ಫ್ಯಾನಿನ ವೇಗವನ್ನು ತಿಳಿಸುವುದರಿಂದ, ವೋಲ್ಟೇಜ್ ತೀರಾ ಇಳಿದು ಉಳಿದೆರಡು ನಿಂತುಹೋದರೂ ಪರದೆಯ ಮೇಲೆ ಗೊತ್ತಾಗುವುದಿಲ್ಲ. ಕನಿಷ್ಠ ಎಷ್ಟು ವೋಲ್ಟ್ ಇಡುವುದು ಕ್ಷೇಮ?

ಇನ್ನೊಂದು ಪ್ರಶ್ನೆ. ನನ್ನ ಬಯಾಸ್ ಪ್ರೊಸೆಸರಿನ ತಾಪಮಾನವನ್ನಷ್ಟೇ ಗಮನಿಸುತ್ತದೆ, ನನ್ನಲ್ಲಿ ಕಾಯುವುದು ಗ್ರಾಫಿಕ್ಸ್ ಕಾರ್ಡ್. ಉಬುಂಟು ಲಿನಕ್ಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ತಂತ್ರಾಂಶ ಬಳಸಿ ಮುಂಬದಿಯ ಫ್ಯಾನ್‌ಗಳನ್ನು ಕಾರ್ಡಿನ ತಾಪಮಾನಕ್ಕೆ ಹೊಂದಿಸಿದವರು ಯಾರಾದರೂ ಇದ್ದರೆ, ದಯವಿಟ್ಟು ಕ್ರಮವನ್ನು ವಿವರಿಸಬೇಕಾಗಿ ವಿನಂತಿ.