ಸಹಾಯ ಬೇಕು: ಗುಂಡಿ ತೋಡದೆ ಬಿದಿರಿನ ಮಳಿಗೆ ನಿಲ್ಲಿಸುವುದು ಹೇಗೆ?

ನಮಸ್ಕಾರ. ನಾವು ಕೊಪ್ಪಳದ ಐದು ಜನ ಗೆಳೆಯರು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಹದಿನೈದು ದಿನಗಳ ತಾತ್ಕಾಲಿಕ ಮಳಿಗೆ ಹಾಕಬೇಕೆಂದಿದ್ದೇವೆ. ಕಿನ್ನಾಳದ ಮರದ ಗೊಂಬೆ, ಆನೆಗೊಂದಿಯ ಬಾಳೆನಾರಿನ ಚೀಲ, ಜೊತೆಗೆ ನಮ್ಮೂರ ಹುಡುಗ ಹುಡುಗಿಯರು ಬಿಡಿಸಿದ ಚಿತ್ರಗಳು. ಫ್ಲೆಕ್ಸ್, ಥರ್ಮಾಕೋಲ್ ಬೇಡವೇ ಬೇಡ ಎಂದು ಹಟ ಹಿಡಿದಿದ್ದೇವೆ. ಈ ಹಟವೇ ಈಗ ಕುತ್ತಿಗೆಗೆ ಬಂದಿದೆ.

ಹತ್ತಡಿ ಉದ್ದಗಲದ ಬಿದಿರಿನ ಚೌಕಟ್ಟನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಂದ ತಂದ ಚಿಂದಿಯನ್ನು ಜೋಡಿಸಿ ಮೇಲೆ ಹೊದಿಸಿದೆವು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಜೀನ್ಸ್ ಬಟ್ಟೆ ಭಾರ, ಗಾಳಿಯೂ ದಾಟುವುದಿಲ್ಲ. ಸಂಜೆಯ ಗಾಳಿಗೆ ಇಡೀ ಚೌಕಟ್ಟು ವಾಲಿತು. ಎರಡು ಗೊಂಬೆಗಳ ಕೈ ಮುರಿದವು. ಹುಣಸೆ ಬೀಜದ ಅಂಟು ಬಳಸಿ ದಿನಗಟ್ಟಲೆ ಕೂತು ಅವನ್ನು ಮಾಡಿದವನ ಮುಖ ನೋಡಲಾಗಲಿಲ್ಲ.

ನಮಗೆ ಸಿಕ್ಕಿರುವುದು ಕಾಂಕ್ರೀಟ್ ನೆಲ, ಗುಂಡಿ ತೋಡುವಂತಿಲ್ಲ. ಕಾಲುಗಳಿಗೆ ಒಂದೊಂದು ಮರಳಿನ ಚೀಲ ಕಟ್ಟಿದೆವು, ಸಾಲಲಿಲ್ಲ. ಶಾಮಿಯಾನದವರು ಕಬ್ಬಿಣದ ಪೈಪ್ ಹಾಕಿ ಎನ್ನುತ್ತಾರೆ. ಹಾಗಾದರೆ ನಮ್ಮದಕ್ಕೂ ಪಕ್ಕದ ಬಳೆ ಅಂಗಡಿಗೂ ಏನು ವ್ಯತ್ಯಾಸ?

ಇನ್ನೊಂದು ಗೊಂದಲ. ಕಿನ್ನಾಳದ ಗೊಂಬೆ ಮಾಡುವ ಚಿತ್ರಗಾರರು ಸಾಮಾನು ಕೊಟ್ಟು ಹೋಗುವ ಬದಲು ಅಲ್ಲೇ ಕೂತು ಬಣ್ಣ ಹಚ್ಚಬೇಕು ಎಂಬುದು ಆಸೆ. ಮುಂದೆ ಕೂರಿಸಿದರೆ ಗಿರಾಕಿಗೆ ದಾರಿ ಇಲ್ಲ, ಹಿಂದೆ ಕೂರಿಸಿದರೆ ಯಾರಿಗೂ ಕಾಣುವುದಿಲ್ಲ.

ಬಿದಿರಿನ ಕೆಲಸ ಬಲ್ಲವರು ಹೇಳಿ: ನೆಲ ಅಗೆಯದೆ ಚೌಕಟ್ಟನ್ನು ಗಟ್ಟಿಯಾಗಿ ನಿಲ್ಲಿಸಲು ಮೂಲೆಗೆ ಎಷ್ಟು ಭಾರ ಬೇಕು, ಚೌಕಟ್ಟು ವಾಲದಂತೆ ಓರೆಯಾಗಿ ಕಟ್ಟುವ ಬಿದಿರನ್ನು (ಓರೆಪಟ್ಟಿ) ಎಲ್ಲಿ ಕಟ್ಟಬೇಕು? ಹತ್ತಡಿಯೊಳಗೆ ಇಬ್ಬರು ಕಲಾವಿದರನ್ನು ಎಲ್ಲಿ ಕೂರಿಸಬೇಕು?